ನೀಲಾಳ ಸಾಲು, ನನ್ನ ಸಾಲು

ಕಳೆದ ತಿಂಗಳು ಅಣ್ಣನ ಮಗಳ ಮದುವೆಗೆ ಸೀರೆ ತರಲು ಗಜೇಂದ್ರಗಡಕ್ಕೆ ಹೋಗಿದ್ದೆ. ನೇಕಾರರ ಓಣಿ ಹೊಕ್ಕೊಡನೆ ನೂಲಿಗೆ ಹಾಕುವ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಅರ್ಧ ಹುಳಿ, ಅರ್ಧ ಅನ್ನದ ವಾಸನೆ. ಅಂಗಡಿಯವನ ಜೊತೆ ಚೌಕಾಶಿ ನಡೆದಿತ್ತು, ಇನ್ನೊಂದು ಮಾತು ಎಸೆದಿದ್ದರೆ ಗೆಲ್ಲುತ್ತಿದ್ದೆ. ಆ ವಾಸನೆಗೆ ಆ ಮಾತೇ ಮರೆತು, ಅವನು ಹೇಳಿದ್ದಕ್ಕೆ ಹೂಂ ಅಂದು ಸೀರೆ ಕಟ್ಟಿಸಿಕೊಂಡು ಬಂದೆ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ.

ಅದೇ ಓಣಿಯಲ್ಲಿ, ಒಂದು ಮಗ್ಗದ ಮನೆಯ ಮೇಲಿನ ಖೋಲಿಯಲ್ಲಿ, ನಾನು ಒಂದು ಮಳೆಗಾಲ ಕಳೆದಿದ್ದೆ. ನಮ್ಮೂರು ರೋಣ. ಹತ್ತನೆಯ ಇಯತ್ತೆ ಮುಗಿಸಿ ಟೈಪಿಂಗ್ ಕಲಿತವಳು ನಾನು. ಕೋರ್ಟಿನ ಎದುರು ಕುರ್ಚಿ ಹಾಕಿ ಅರ್ಜಿ ಬಡಿದೆ, ಆಮೇಲೆ ಸ್ವಂತ ಅಂಗಡಿ ಮಾಡಿದೆ, ಕಂಪ್ಯೂಟರ್ ಇಟ್ಟೆ. ಮದುವೆಯ ಗೊಡವೆಗೆ ಹೋಗಲಿಲ್ಲ. ಆ ವರ್ಷ ರಸ್ತೆ ಅಗಲ ಮಾಡುವವರು ಅಂಗಡಿಯ ಮುಂಭಾಗವನ್ನೇ ಒಡೆದರು. ಉಳಿದದ್ದರಲ್ಲಿ ಮಳೆ ಸೋರುತ್ತಿತ್ತು. ಅದೇ ಹೊತ್ತಿಗೆ ಬೆಂಗಳೂರಿನ ಒಂದು ಸಣ್ಣ ಕಂಪನಿಯಿಂದ ಕೆಲಸ ಬಂತು. ಹೊಲಕ್ಕೆ ಔಷಧ ಹೊಡೆಯುವವರಿಗಾಗಿ ಮೊಬೈಲಿನಲ್ಲಿ ಒಂದು ಆ್ಯಪ್ ಮಾಡಿದ್ದರು. ಅದರ ಇಂಗ್ಲಿಷನ್ನೆಲ್ಲ ಕನ್ನಡ ಮಾಡಬೇಕು. ಒಳ್ಳೆಯ ಇಂಟರ್ನೆಟ್ ಇರುವ ಖೋಲಿ ಬೇಕಿತ್ತು, ಗಜೇಂದ್ರಗಡದಲ್ಲಿ ಸಿಕ್ಕಿತು. ಅಬ್ಬಿಗೇರಿಯ ಅಣ್ಣ, "ಒಬ್ಬಾಕಿ ಅಲ್ಲಿ ಹೋಗಿ ಏನ್ ಮಾಡ್ತಿ?" ಅಂದ. "ಇಲ್ಲಿ ಯಾರ್ ಕೂಡ ಅದೀನಿ?" ಅಂದೆ.

ಈ ಕೆಲಸ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹೇಳಬೇಕು, ಮುಂದೆ ಯಾರಿಗಾದರೂ ಉಪಯೋಗಕ್ಕೆ ಬಂದೀತು. ಆ್ಯಪಿನಲ್ಲಿ ಕಾಣುವ ಪ್ರತಿ ಮಾತೂ ಒಂದು ಫೈಲಿನಲ್ಲಿ ಇರುತ್ತದೆ. ಒಂದು ಸಾಲು ಇಂಗ್ಲಿಷ್, ಅದರ ಕೆಳಗೆ ಕನ್ನಡಕ್ಕೆ ಖಾಲಿ ಜಾಗ. ಆ ಫೈಲು ಕಂಪನಿಯ ಹತ್ತಿರ ಇರುತ್ತದೆ. ಅದನ್ನು ತರಿಸಿಕೊಳ್ಳಲು, ತುಂಬಿ ಕಳಿಸಲು ಒಂದು ಸಲಕರಣೆ ಉಂಟು. ಅದಕ್ಕೆ ಬಟನ್ನಿಲ್ಲ, ಚಿತ್ರವಿಲ್ಲ. ಕಪ್ಪು ಪರದೆ, ಮಿಣುಕುವ ಒಂದು ಗೀಟು, ಅಷ್ಟೆ. ‘ಪುಲ್’ ಎಂದು ಬಡಿದರೆ ಫೈಲು ಬರುತ್ತದೆ, ‘ಪುಷ್’ ಎಂದು ಬಡಿದರೆ ಹೋಗುತ್ತದೆ. ಸರಿಯಾಗಿ ಮಾಡಿದರೆ ಒಂದು ಒಳ್ಳೆಯ ಮಾತೂ ಇಲ್ಲ, ತಪ್ಪಾದರೆ ಮಾತ್ರ ಕೆಂಪಕ್ಷರದಲ್ಲಿ ಬೈಯುತ್ತದೆ. ಇಂಥ ಒಡೆಯರ ಕೈಕೆಳಗೆ ಮೊದಲೂ ದುಡಿದಿದ್ದೆನಾದ್ದರಿಂದ ನನಗೆ ಹೊಸದೆನಿಸಲಿಲ್ಲ. ಕಳಿಸುವಾಗ ನಮ್ಮ ನಮ್ಮ ಕೀಲಿ ಹಾಕಬೇಕು. ಕೀಲಿ ಎಂದರೆ ಅಕ್ಷರ, ಅಂಕಿ ಕಲಸಿದ ಒಂದು ಉದ್ದ ಸಾಲು. ಯಾರ ಕೀಲಿಯಿಂದ ಹೋಯಿತೋ ಅವರ ಹೆಸರಿಗೆ ಆ ಕೆಲಸ ಜಮಾ.

ಫೈಲಿನ ಅರ್ಧ ನನಗೆ, ಅರ್ಧ ನರಗುಂದದ ನೀಲಮ್ಮ ಎಂಬವಳಿಗೆ ಹಂಚಿದ್ದರು. ಹೆಸರು ನೋಡಿದ್ದೆನೇ ಹೊರತು ಅವಳಾರೋ ನಾನಾರೋ. ಮೊದಲ ವಾರವೇ ಫೋನ್ ಬಂತು.

"ಸರೋಜಕ್ಕಾರ ಅಲ್ರಿ? ನಾ ನರಗುಂದದಿಂದ ನೀಲಮ್ಮ. ನಿನ್ನಿ ನಾ ಮಾಡಿದ್ದರ ಮ್ಯಾಲೆ ನೀವು ನಿಮ್ಮದು ಒಗದೀರಿ."

"ನಾ ಏನ್ ಒಗದೆನವಾ?"

"ಫೈಲ್ ರಿ. ಮೊದಲ ತರಿಸ್ಕೊಂಡು ಆಮ್ಯಾಲೆ ಕಳಸಬೇಕ್ರಿ. ನೀವು ಹಳೇದ ಇಟ್ಕೊಂಡು ಹಂಗ ಕಳಿಸಿದ್ರಿ. ನಾ ಬಿತ್ತಿದ ಹೊಲದ ಮ್ಯಾಲೆ ಕುಂಟಿ ಹೊಡದಂಗ ಆತು."

ಜಗಳಕ್ಕೆ ಬಂದವಳ ಮಾತು ಇಷ್ಟು ಚಂದ ಇರುವುದನ್ನು ನಾನು ಕೇಳಿರಲಿಲ್ಲ. ಅಳಿಸಿಹೋದ ಅವಳ ಸಾಲುಗಳನ್ನು ಅವಳು ಫೋನಿನಲ್ಲಿ ಮತ್ತೆ ಹೇಳಿದಳು, ನಾನು ಬಡಿದೆ. ಅವಳ ಕೀಲಿ ಇಸಿದುಕೊಂಡು ಅವಳ ಹೆಸರಿಗೇ ಕಳಿಸಿದೆ. "ಇವತ್ತ ನೀವು ನನ್ನ ಹೊಲಕ್ಕ ಬಂದ್ರಿ. ನಾಳಿ ನಾ ನಿಮ್ಮ ಹೊಲಕ್ಕ ಬರ್ತೀನಿ ಬಿಡ್ರಿ ಅಕ್ಕಾ," ಎಂದು ನಕ್ಕಳು. ಅಲ್ಲಿಂದ ಶುರುವಾಯಿತು.

ನಮ್ಮ ಕಡೆ ಇದಕ್ಕೆ ಮುಯ್ಯಿ ಎನ್ನುತ್ತಾರೆ. ಹೆಸರುಕಾಳಿನ ಗಿಡ ಕೀಳುವ ಕಾಲಕ್ಕೆ ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಯಾರ ಕೈ ಯಾವ ಗಿಡ ಕಿತ್ತಿತು ಎಂದು ಯಾರೂ ಕೇಳುವುದಿಲ್ಲ, ಫಸಲು ಹೊಲದವರ ಕಣಕ್ಕೇ ಹೋಗುತ್ತದೆ. ನೀಲಾ ಇದರಲ್ಲೇ ಬೆಳೆದವಳು. ಅವಳ ಅತ್ತೆ ಇಂದಿಗೂ ಕೂಲಿಗೆ ಹೋಗುತ್ತಿದ್ದಳು. ಗಂಡ ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದ. ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದರು. ಬಿ.ಎ. ಮಾಡಿದ್ದರೂ ಅವಳ ಹೆಸರಿಗೆಂದು ಬಂದ ಮೊದಲ ಕೆಲಸ ಇದೇ. ದೀಪಾವಳಿಗೆ ಗಂಡ ಬರುವವನಿದ್ದ. ಅಷ್ಟರಲ್ಲಿ ಅವಳ ಕೆಲಸ ಕಾಯಂ ಆದರೆ ನರಗುಂದದಲ್ಲೇ ಇರುವುದು. ಇಲ್ಲವಾದರೆ ಮಕ್ಕಳ ಸಾಲಿ ಬಿಡಿಸಿ, ಎಲ್ಲರೂ ಗೋವಾದ ತಗಡಿನ ಶೆಡ್ಡಿಗೆ. ಹಾಗೆಂದು ಗಂಡ-ಹೆಂಡಿರಲ್ಲಿ ಮಾತಾಗಿತ್ತು.

ಆ ವರ್ಷದ ಮಳೆ ಬಿಡುವು ಕೊಡಲಿಲ್ಲ. ಎರೆಮಣ್ಣು ಕಾಲಿಗೆ ಹತ್ತಿದರೆ ಚಪ್ಪಲಿಯೇ ಅಲ್ಲಿ ಉಳಿಯುತ್ತಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳು ಮೋಡದೊಳಗೆ ಹೊಕ್ಕು, ರೆಕ್ಕೆಯ ತುದಿ ಮಾತ್ರ ಆಗೊಮ್ಮೆ ಈಗೊಮ್ಮೆ ಹೊರಬರುತ್ತಿತ್ತು. ಕೆಳಗೆ ಮಗ್ಗದ ಸದ್ದು. ಅದು ನಿಂತಾಗಲೇ ನನಗೆ ಎಚ್ಚರ, ಯಾಕೆಂದರೆ ಆಮೇಲೆ ಆ ಖೋಲಿಯಲ್ಲಿ ನನ್ನ ಬೆರಳಿನ ಸದ್ದು ಬಿಟ್ಟರೆ ಬೇರೆ ಇರುತ್ತಿರಲಿಲ್ಲ. ಒಬ್ಬರಿಗೇ ಅಡುಗೆ ಮಾಡಿಕೊಳ್ಳುವವರಿಗೆ ಒಂದು ಮಾತು ಹೇಳುತ್ತೇನೆ: ರೊಟ್ಟಿಯನ್ನು ಪರದೆಯ ಎದುರು ಕೂತು ತಿನ್ನಬೇಡಿ. ತಿಂದದ್ದೇ ಗೊತ್ತಾಗುವುದಿಲ್ಲ. ಹಾಗೆ ತಿಂದು ತಿಂದು, ಹಸಿವಾಗಿದೆಯೋ ಬೇಸರವಾಗಿದೆಯೋ ತಿಳಿಯದ ಹಾಗಾಗಿದ್ದೆ.

ನರಗುಂದದಲ್ಲಿ ಕರೆಂಟು ಹೋದರೆ ದಿನಗಟ್ಟಲೆ ಬರುತ್ತಿರಲಿಲ್ಲ. ಒಬ್ಬರ ಕೆಲಸ ನಿಂತರೆ ಅವರ ಪಾಲು ಇನ್ನೊಬ್ಬರಿಗೆ ಎಂದು ಕಂಪನಿಯ ಕರಾರು. ಹಾಗಾಗಿ ಅವಳ ಕಡೆ ಕತ್ತಲಾದಾಗ ಅವಳ ಪಾಲನ್ನು ನಾನು ಅವಳ ಕೀಲಿಯಿಂದ ಮಾಡುತ್ತಿದ್ದೆ. ನನಗೆ ಚಳಿಜ್ವರ ಬಂದು ಮಲಗಿದಾಗ ಅವಳು ನನ್ನ ಕೀಲಿಯಿಂದ ನನ್ನ ಪಾಲು ತುಂಬಿದಳು. ಕೆಲವೊಮ್ಮೆ ಫೋನಿಗೆ ಜೀವ ಇರುವಷ್ಟು ಹೊತ್ತು ಅವಳು ಹೇಳುವುದು, ನಾನು ಬಡಿಯುವುದು. ಮಾತು ಕೆಲಸದಲ್ಲಿ ಶುರುವಾಗಿ, ಅವಳ ಅತ್ತೆಯ ಮೊಣಕಾಲು, ಸಣ್ಣಾಕಿಯ ಹಲ್ಲು, ನನ್ನ ಸೋರುವ ಅಂಗಡಿ, ಎಲ್ಲ ಸುತ್ತಿ ಮತ್ತೆ ಕೆಲಸಕ್ಕೆ ಬರುತ್ತಿತ್ತು. ಮನೆಯೊಡತಿ ಶಾರದವ್ವ ಒಮ್ಮೆ ಮೆಟ್ಟಿಲ ಮೇಲೆ ನಿಂತು ಕೇಳಿದಳು.

"ದಿನಾ ಯಾರ್ ಕೂಡ ಇಷ್ಟ ನಗತಿ?"

"ನನ್ನ ಗೆಳತಿರಿ. ನರಗುಂದದಾಕಿ."

"ಹ್ಯಾಂಗದಾಳ?"

"ನೋಡಿಲ್ರಿ."

"ನೋಡಲಾರದಾಕಿ ಕೂಡ ಇಷ್ಟೇನ್ ನಗೂದವಾ," ಎಂದು ಇಳಿದುಹೋದಳು. ಆ ಮಾತಿಗೆ ನಾನಾಗ ಲಕ್ಷ್ಯ ಕೊಡಲಿಲ್ಲ.

ಕನ್ನಡ ಮಾಡುವುದು ಮುಗಿದ ಮೇಲೆ ತಪಾಸಣೆ. ಒಬ್ಬರು ಬರೆದ ಸಾಲನ್ನು ಇನ್ನೊಬ್ಬರು ಓದಿ, ಸರಿ ಎಂದು ಗುರುತು ಹಾಕಬೇಕು. ಬರೆದವರೇ ಗುರುತು ಹಾಕುವಂತಿಲ್ಲ. ಗುರುತಿಲ್ಲದ ಸಾಲು ಆ್ಯಪಿಗೆ ಹೋಗುವುದಿಲ್ಲ. ನೀಲಾಳ ಹೆಸರಿನ ಸಾಲುಗಳಿಗೆ ನಾನು ಗುರುತು ಹಾಕಿದೆ, ನನ್ನ ಹೆಸರಿನವಕ್ಕೆ ಅವಳು. ನಮ್ಮಿಬ್ಬರ ತಲೆಗೂ ಬೇರೇನೂ ಹೊಳೆಯಲಿಲ್ಲ. ಹೊಲ ಯಾರ ಹೆಸರಿನಲ್ಲಿದೆಯೋ ಬೆಳೆ ಅವರದು, ಅಷ್ಟೇ ನಮಗೆ ಗೊತ್ತಿದ್ದದ್ದು.

ಹಿಂಗಾರು ಬಿತ್ತನೆಗೆ ಜನ ಕಡಲೆ ಬೀಜ ತರುತ್ತಿದ್ದ ದಿನಗಳಲ್ಲಿ ಕಂಪನಿಯ ಮಹೇಶ್ ಸರ್ ಫೋನ್ ಮಾಡಿದರು. ಕೆಲಸ ಹಂಚುವವರು, ಒಪ್ಪಿಕೊಳ್ಳುವವರು ಅವರೇ. ನೀಲಾಳ ಜೊತೆ ಅವರದು ಅಲ್ಲಿಯವರೆಗೆ ಬರೀ ಮೆಸೇಜಿನ ವ್ಯವಹಾರ. ಯಾವಾಗಲೂ ನಯವಾಗಿ ಮಾತಾಡುವವರು, ಆ ದಿನ ಇನ್ನೂ ನಯವಾಗಿದ್ದರು.

"ಮೇಡಂ, ಒಂದು ವಿಷಯ ನೇರವಾಗಿ ಕೇಳ್ತೀನಿ. ನೀಲಮ್ಮ ಅನ್ನೋರು ನಿಜವಾಗ್ಲೂ ಇದ್ದಾರಾ?"

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಆ ಸಲಕರಣೆ ಯಾವ ಕೆಲಸ ಯಾವ ಕಂಪ್ಯೂಟರಿನಿಂದ ಬಂತು ಎಂಬುದನ್ನೂ ಬರೆದಿಡುತ್ತದೆ. ನೀಲಮ್ಮನ ಎಷ್ಟೋ ಸಾಲುಗಳು ನನ್ನ ಕಂಪ್ಯೂಟರಿನಿಂದ ಹೋಗಿದ್ದವು, ನನ್ನ ಕೆಲವು ಅವಳದರಿಂದ. ನೀಲಮ್ಮನ ಸಾಲುಗಳಿಗೆ ಸರಿ ಎಂದು ಗುರುತು ಹಾಕಿದವಳೂ ನಾನೇ. ಅಂದರೆ ನೀಲಮ್ಮ ಎಂಬವಳಿಲ್ಲ, ಎರಡನೆಯ ಹೆಸರು, ಎರಡನೆಯ ಕಂಪ್ಯೂಟರ್ ಇಟ್ಟುಕೊಂಡು ಎರಡೂ ಪಾಲು ನಾನೇ ಹೊಡೆಯುತ್ತಿದ್ದೇನೆ, ತಪಾಸಣೆ ಬರೀ ನಾಟಕ. ಇದು ಅವರ ತರ್ಕ. ಔಷಧದ ವಿಷಯ, ಒಂದು ಸಾಲು ತಪ್ಪಿದರೆ ಯಾರದೋ ಜೀವ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

"ಅದಾಳ್ರಿ ಸರ. ನರಗುಂದದಾಗ ಅದಾಳ."

"ನೀವು ನೋಡಿದ್ದೀರಾ?"

ನಾನು ಅವಳನ್ನು ನೋಡಿರಲಿಲ್ಲ. ಇಡೀ ಮಳೆಗಾಲ ನನ್ನ ಜೊತೆಗಿದ್ದವಳು ಒಂದು ದನಿ, ಒಂದು ಕೀಲಿ, ಅಷ್ಟೆ.

ಮಹೇಶ್ ಸರ್ ಒಂದು ದಾರಿ ಹೇಳಿದರು. ಆ ಹೆಸರನ್ನು ತೆಗೆದುಹಾಕಿ ಎಲ್ಲವನ್ನೂ ನನ್ನ ಹೆಸರಿಗೆ ಮಾಡುವುದು, ಬೇರೆಯವರಿಂದ ತಪಾಸಣೆ ಮಾಡಿಸುವುದು, ನನಗೆ ಕೆಲಸ ಮುಂದುವರಿಸುವುದು. ನನಗೆ ಇದು ಲಾಭದ ಮಾತು. ನೀಲಾಗೆ ಗೋವಾ. ನಾನು ಎರಡು ದಿನದ ಸಮಯ ಕೇಳಿದೆ. ಯಾರೇ ಆಗಲಿ, ಎದುರಿನವರು ಮೊದಲು ಇಟ್ಟ ಮಾತಿಗೆ ಆಗಲೇ ಹೂಂ ಅನ್ನಬಾರದು. ಅವರಿಗೆ ಕೆಲಸ ಬೇಗ ಮುಗಿಯಬೇಕಾಗಿರುತ್ತದೆ, ಅದೇ ನಮ್ಮ ಹಿಡಿಕೆ.

ಆ ಸಂಜೆ ಇಡೀ ಫೈಲನ್ನು ಮತ್ತೆ ತರಿಸಿಕೊಂಡು, ಹೆಸರು ಕಾಣದಂತೆ ಮಾಡಿ, ಬರೀ ಸಾಲುಗಳನ್ನು ಓದತೊಡಗಿದೆ. ಕೋರ್ಟಿನ ಎದುರು ಅರ್ಜಿ ಬಡಿದವಳ ಕನ್ನಡ ನನ್ನದು: ‘ಗಾಳಿಗೆ ಅಭಿಮುಖವಾಗಿ ಔಷಧ ಸಿಂಪಡಿಸತಕ್ಕದ್ದಲ್ಲ.’ ಎರಡು ಸಾಲು ಕೆಳಗೆ: ‘ಗಾಳಿ ನಿಮ್ಮ ಬೆನ್ನಿಗಿರಲಿ.’ ಇದು ಅವಳು. ‘ಬಳಸಿದ ಡಬ್ಬಿಗಳನ್ನು ನಿಯಮಾನುಸಾರ ವಿಲೇವಾರಿ ಮಾಡುವುದು’ ನಾನು. ‘ಖಾಲಿ ಡಬ್ಬಿಯಲ್ಲಿ ನೀರು ತುಂಬಿಡಬೇಡಿ, ಮಕ್ಕಳು ಕುಡಿದಾರು’ ಅವಳು. ಓದುತ್ತ ಹೋದಂತೆ, ಕತ್ತಲಲ್ಲಿ ಯಾರೋ ಪಕ್ಕದಲ್ಲಿ ನಡೆಯುತ್ತಿದ್ದಾರೆ ಅನಿಸಿತು. ನೀಲಮ್ಮ ಇದ್ದಾಳೆ ಎನ್ನಲು ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಜೊತೆಗೆ ಇನ್ನೊಂದು ಸಂಗತಿಯೂ ತಿಳಿಯಿತು, ಅದು ತಿಳಿಯದಿದ್ದರೆ ನನಗೆ ಚಲೋ ಇತ್ತು. ಒಳ್ಳೆಯ ಸಾಲುಗಳೆಲ್ಲ ಅವಳವು. ನನ್ನ ಹೆಸರಿನಲ್ಲಿ ಹೋದ ಒಳ್ಳೆಯವೂ ಅವಳವೇ.

ಮಹೇಶ್ ಸರ್‌ಗೆ ಫೋನ್ ಮಾಡಿದೆ. ಎಲ್ಲ ಗುರುತುಗಳನ್ನೂ ಅಳಿಸುತ್ತೇವೆ, ಯಾವ ಸಾಲು ಯಾರು ಬರೆದದ್ದೋ ಅವರ ಹೆಸರಿಗೇ ಬೇರ್ಪಡಿಸಿ ಹೊಸದಾಗಿ ಕಳಿಸುತ್ತೇವೆ, ತಪಾಸಣೆಗೆ ನಿಮ್ಮವರನ್ನೇ ಕೂಡಿಸಿ, ಅನುಮಾನವಿದ್ದರೆ ನೀಲಮ್ಮನಿಗೆ ಫೋನ್ ಮಾಡಿ ಯಾವ ಸಾಲನ್ನಾದರೂ ಕೇಳಿ, ಅಂದೆ. ಅವರು ಹೂಂ ಅಂದರು, ಆದರೆ ತಮ್ಮದೊಂದು ಕರಾರು ಸೇರಿಸಿದರು.

"ಮುಂದಿನ ಹಂತಕ್ಕೆ ನಮಗೆ ಒಬ್ಬರೇ ಸಾಕು ಮೇಡಂ. ಯಾರ ಸಾಲು ಹೆಚ್ಚು ಪಾಸಾಗುತ್ತೋ ಅವರು."

ಆಗಲಿ ಅಂದೆ. ಈ ಕರಾರನ್ನು ನೀಲಾಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಒಂದು ಸಾಲನ್ನೂ ತನ್ನದೆನ್ನುತ್ತಿರಲಿಲ್ಲ.

ಗಜೇಂದ್ರಗಡಕ್ಕೂ ನರಗುಂದಕ್ಕೂ ನಡುವೆ ರೋಣ. ಅಲ್ಲಿಯೇ ಭೇಟಿಯಾಗೋಣ ಅಂದೆ. ಮಳೆ ಹೊಳವಾಗಿ ಬಸ್‌ಸ್ಟ್ಯಾಂಡಿನ ಕೆಸರು ಒಣಗುತ್ತಿತ್ತು. ನರಗುಂದದ ಬಸ್ಸಿನಿಂದ ಎತ್ತರದ ಹೆಂಗಸೊಬ್ಬಳು ಇಳಿದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಸರೋಜಕ್ಕಾರ? ನಿಮ್ಮ ದನಿಗಿಂತ ಭಾಳ ಸಣ್ಣಾಕಿ ಅದೀರಲ್ರಿ."

"ನೀ ನಿನ್ನ ದನಿಗಿಂತ ಉದ್ದ ಅದಿ. ನಡಿ, ಮೊದಲ ಉಣ್ಣೂನು."

ಪರಿಚಯದ ಖಾನಾವಳಿಯ ಮೂಲೆಯಲ್ಲಿ ಕೂತೆವು. ಊಟ ಮುಗಿಸಿ ಕಂಪ್ಯೂಟರ್ ತೆರೆದು ಸಾಲು ಹಂಚತೊಡಗಿದೆವು. ಇಡೀ ಜೀವಮಾನದಲ್ಲಿ ನಾನು ಮಾಡಿದ ಚೌಕಾಶಿಗಳಲ್ಲಿ ಇಂಥದ್ದು ಅದೊಂದೇ. ಇಬ್ಬರೂ ಎದುರಿನವರಿಗೆ ಕೊಡಲು ಹಟ ಹಿಡಿದಿದ್ದೆವು.

"ಇದು ನಿಮ್ದ್ರಿ ಅಕ್ಕಾ."

"ನಂದಲ್ಲ. ಮಕ್ಕಳು ಕುಡಿದಾರು ಅಂತ ನಾ ಜನ್ಮದಾಗ ಬರದಿಲ್ಲ."

"ಆವತ್ತ ನಮ್ಮಲ್ಲಿ ಕರೆಂಟ್ ಇದ್ದಿಲ್ಲ, ನೀವ ಬರದದ್ದು."

"ಫೋನಿನ್ಯಾಗ ಹೇಳಿದಾಕಿ ನೀನು. ನಾ ಬರೇ ಬಡದೀನಿ."

"ಬಡದಾರದು ಏನೂ ಇಲ್ಲೇನ್ರಿ ಹಂಗಾದ್ರ?"

"ಬಡದಾರದು ಬೆರಳು ನೋಯ್ತಾವು, ಅಷ್ಟ. ಹಾಕು ನಿನ್ನ ಕಡೆ."

ತಾಟು ಎತ್ತಲು ಬಂದ ಖಾನಾವಳಿಯವ ಸ್ವಲ್ಪ ಹೊತ್ತು ನಿಂತು ಕೇಳಿದ. "ಅಕ್ಕ-ತಂಗಿ ಆಸ್ತಿ ಪಾಲ ಮಾಡಾಕತ್ತೀರೇನ್ರಿ?"

"ಹೌದ್ರಿ. ಈಕಿ ತನ್ನ ಪಾಲ ಒಲ್ಲೆ ಅಂತಾಳ," ಅಂದೆ.

"ಇಂಥಾ ತಂಗಿ ಇದ್ದಿದ್ರ ನಮ್ಮಪ್ಪನ ಹೊಲ ನನಗ ಉಳೀತಿತ್ತು," ಎಂದು ತಾಟು ತೆಗೆದುಕೊಂಡು ಹೋದ. ನೀಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆ ನಗು ಫೋನಿನಲ್ಲಿ ಕೇಳಿದ್ದೇ. ಆದರೆ ನಗುವಾಗ ಅವಳ ಕಣ್ಣು ಪೂರ್ತಿ ಮುಚ್ಚುತ್ತವೆ ಎಂಬುದು ನನಗೆ ಆಗಷ್ಟೇ ಗೊತ್ತಾದದ್ದು.

ಸಂಜೆಯ ಹೊತ್ತಿಗೆ ಹಂಚಿಕೆ ಮುಗಿಯಿತು. ಅವಳ ಕಡೆ ಬಹಳ, ನನ್ನ ಕಡೆ ಸ್ವಲ್ಪ. ತ್ಯಾಗ ಗೀಗ ಎಂದು ಯಾರೂ ತಿಳಿಯಬಾರದು, ಸಾಲುಗಳು ಅವಳವೇ ಆಗಿದ್ದವು. ಆದರೂ ಪ್ರತಿ ಸಾಲನ್ನು ಅವಳ ಕಡೆ ಸರಿಸುವಾಗ ನಾನೇನು ಕಳೆದುಕೊಳ್ಳುತ್ತಿದ್ದೇನೆ ಎಂಬ ಎಣಿಕೆ ಒಳಗೆ ನಡೆದೇ ಇತ್ತು. ನಾನು ಎಣಿಸಿದ್ದು ಕೆಲಸವನ್ನು ಮಾತ್ರ. ಅಲ್ಲಿಯೇ ಲೆಕ್ಕ ತಪ್ಪಿದೆ.

ದೀಪಾವಳಿಗೆ ಸ್ವಲ್ಪ ಮೊದಲು ಅವಳ ಫೋನ್ ಬಂತು. ಮಹೇಶ್ ಸರ್ ಅವಳೊಡನೆ ಮಾತಾಡಿ, ಅವಳನ್ನು ಮುಂದಿನ ಕೆಲಸಕ್ಕೆ ಕಾಯಂ ಮಾಡಿದ್ದರು. ಮನೆಯಲ್ಲೇ ಕೂತು ಮಾಡುವ ಕೆಲಸ. ಗಂಡ ಬಂದರೂ ಹೂಂ ಅನ್ನಲೇಬೇಕಿತ್ತು.

"ನಿಮಗೂ ಮೆಸೇಜ್ ಬಂತಲ್ರಿ ಅಕ್ಕಾ?"

"ನಾ ಬ್ಯಾರೆ ಕೆಲಸ ಹಿಡದೀನವಾ. ರೋಣದಾಗ ಅಂಗಡಿ ರಿಪೇರಿ ಆತು."

"ಖರೇನ?"

"ಖರೇ."

ಅವಳು ದನಿ ತಗ್ಗಿಸಿದಳು. "ಸರ್ ಒಂದು ಮಾತು ಹೇಳ್ಯಾರ್ರಿ. ಇನ್ಮುಂದ ಕೀಲಿ ಯಾರಿಗೂ ಕೊಡಬಾರ್ದಂತ. ಫೈಲ್ ಯಾರಿಗೂ ತೋರಸಬಾರ್ದಂತ. ನಿಮ್ಮ ಹತ್ರ ಇರೂ ನನ್ನ ಕೀಲಿ..."

"ಈಗ ಅಳಸ್ತೀನಿ ತಗೋ," ಅಂದೆ. ಅವಳು ಕೇಳುತ್ತಿರುವಂತೆಯೇ ಕಪ್ಪು ಪರದೆ ತೆರೆದು, ಅವಳ ಕೀಲಿ ಇದ್ದ ಫೋಲ್ಡರನ್ನು ತೆಗೆದುಹಾಕುವ ಆಜ್ಞೆ ಬಡಿದೆ. ಪರದೆ ಏನೂ ಹೇಳಲಿಲ್ಲ. ಗೀಟು ಕೆಳಗಿನ ಸಾಲಿಗೆ ಬಂದು ಮಿಣುಕುತ್ತ ನಿಂತಿತು. ಮರುವಾರ ಖೋಲಿ ಖಾಲಿ ಮಾಡಿ ರೋಣಕ್ಕೆ ಬಂದೆ.

ಮೊದಮೊದಲು ಫೋನು ಇತ್ತು. ಹಬ್ಬಕ್ಕೆ ಗಂಡ ಬಂದ, ಮರಳಿ ಗೋವಾಕ್ಕೆ ಒಬ್ಬನೇ ಹೋದ, ಮಕ್ಕಳು ಸಾಲಿಯಲ್ಲೇ ಉಳಿದರು. ಇದನ್ನೆಲ್ಲ ಅವಳೇ ಹೇಳಿದಳು. ಆಮೇಲೆ ವಾರಕ್ಕೊಮ್ಮೆ ಆಯಿತು, ಆಮೇಲೆ ಅದೂ ತಪ್ಪಿತು. ಸಿಟ್ಟಿಲ್ಲ, ಜಗಳವಿಲ್ಲ. ಅವಳ ಹೊಲಕ್ಕೆ ನಾನು ಹೋಗುವಂತಿಲ್ಲ, ನನ್ನ ಹೊಲಕ್ಕೆ ಅವಳು ಬರುವಂತಿಲ್ಲ. ಮುಯ್ಯಿ ಮುಗಿದ ಮೇಲೆ ಬದುವಿನ ಮೇಲೆ ನಿಂತು ಕೂಗಲು ಒಂದು ನೆಪ ಬೇಕಲ್ಲ.

ಬೇಸಿಗೆಯಲ್ಲಿ ಒಂದು ದಿನ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ನಾನೇ ಮಾಡಿದೆ. ಅವಳು ಕೂಡಲೇ ಎತ್ತಿದಳು. ಹಿಂದೆ ಕೀಲಿಮಣೆಯ ಸದ್ದು ಕೇಳುತ್ತಿತ್ತು, ನನಗಾಗಿ ನಿಲ್ಲಿಸಿದಳು.

"ಹೇಳ್ರಿ ಅಕ್ಕಾ. ಏನ್ ಕೆಲಸ ಇತ್ರಿ?"

ಕೆಲಸ ಏನೂ ಇರಲಿಲ್ಲ. ಹಾಗೆಂದು ಹೇಳಲು ನನಗೆ ಬರಲಿಲ್ಲ. ಊಟ ಆಯಿತೇ ಎಂದು ಕೇಳುವ ಹೊತ್ತೂ ಅದಲ್ಲ. ಕೊನೆಗೆ, "ಅಲ್ಲಿ ಮಳಿ ಏನರ ಬಂತೇನು?" ಅಂದೆ.

"ಇಲ್ರಿ ಅಕ್ಕಾ, ಬಿಸಲೈತಿ," ಅಂದಳು.

ಇಲ್ಲಿಯೂ ಬಿಸಿಲೇ ಇತ್ತು.